ಕೂಡಗಿ, ಆಲಮಟ್ಟಿ, ಗಾಳಿ, ಕಬ್ಬು: ಶಕ್ತಿ ನಮ್ಮಲ್ಲೇ ಹುಟ್ಟುತ್ತದೆ, ಉದ್ಯಮಕ್ಕೆ ಬೇಕಾದ ಖಾತ್ರಿ ಎಲ್ಲಿದೆ?

ಉದ್ಯಮಬಾಗದ ಎರಕದವರು, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ತಂದೆಯವರು ಕೋಕ್ (ಕಲ್ಲಿದ್ದಲಿನಿಂದ ತಯಾರಿಸಿದ ಇಂಧನ) ಉರಿಸುವ ಕ್ಯುಪೋಲಾ ಕುಲುಮೆಯಿಂದ ಆರಂಭಿಸಿದ್ದನ್ನು ನಾನು ವಿದ್ಯುತ್ತಿನ ಇಂಡಕ್ಷನ್ ಫರ್ನೇಸಿಗೆ ಬದಲಾಯಿಸಿದೆ. ಪಂಪಿನ ಕವಚ, ವಾಲ್ವಿನ ಬಾಡಿ, ಟ್ರ್ಯಾಕ್ಟರಿನ ಬಿಡಿಭಾಗಗಳ ಎರಕ ಹೊಯ್ಯುತ್ತೇವೆ. ಈ ವಾರ ಹಳೆಯ ಗಿರಾಕಿಯೊಬ್ಬರು ಮುಂದಿನ ಒಂದು ವರ್ಷಕ್ಕೆ ಕಿಲೋ ದರ ಕೇಳಿದ್ದಾರೆ. ಆ ದರ ಬರೆಯಲು ಕುಳಿತಾಗ ಎದುರಾದ ಪ್ರಶ್ನೆಯನ್ನೇ ಇಲ್ಲಿ ಇಡುತ್ತಿದ್ದೇನೆ.

ಒಂದು ಟನ್ ಕಬ್ಬಿಣ ಕರಗಿಸಲು ನಮ್ಮಂಥ ಫರ್ನೇಸಿಗೆ ಸುಮಾರು 600 ಯೂನಿಟ್ ವಿದ್ಯುತ್ ಬೇಕು. ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2025ರ ಮಾರ್ಚ್ ತಿಂಗಳ ದರ ಆದೇಶದ ಪ್ರಕಾರ ಎಚ್‌ಟಿ (ಹೈ ಟೆನ್ಷನ್, ಅಂದರೆ ಹೆಚ್ಚಿನ ವೋಲ್ಟೇಜ್ ಸಂಪರ್ಕದ) ಕೈಗಾರಿಕೆಗೆ 2025-26ರಲ್ಲಿ ಯೂನಿಟ್ಟಿಗೆ 6 ರೂಪಾಯಿ 60 ಪೈಸೆ, ಅಂದರೆ ಕರಗಿಸುವುದಕ್ಕಷ್ಟೇ ಟನ್ನಿಗೆ 3,960 ರೂಪಾಯಿ. ಅದರ ಮೇಲೆ ಆ ವರ್ಷ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಹೆಸರಿನಲ್ಲಿ ಯೂನಿಟ್ಟಿಗೆ 36 ಪೈಸೆ, ತಿಂಗಳಿಂದ ತಿಂಗಳಿಗೆ ಬದಲಾಗುವ ಇಂಧನ ಹೊಂದಾಣಿಕೆ ಶುಲ್ಕ, ವಿದ್ಯುತ್ ತೆರಿಗೆ. ಇವಲ್ಲದೆ ಫರ್ನೇಸ್ ಉರಿಯಲಿ, ಬಿಡಲಿ, ಕೆವಿಎ (ಸಂಪರ್ಕದ ಸಾಮರ್ಥ್ಯದ ಅಳತೆ) ಒಂದಕ್ಕೆ ಅದೇ ಆದೇಶದ 345 ರೂಪಾಯಿಯ ಬೇಡಿಕೆ ಶುಲ್ಕ ತಪ್ಪುವುದಿಲ್ಲ.

ದರ ಏರುತ್ತಲೇ ಇದೆ ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. 2023ರ ಮೇ ತಿಂಗಳಿನಲ್ಲಿ ಸರಾಸರಿ 70 ಪೈಸೆ ಏರಿತು. ಅದರ ಬೆನ್ನಿಗೇ ಜೂನ್ ತಿಂಗಳ ಬಿಲ್ಲಿನಲ್ಲಿ ಹೊಂದಾಣಿಕೆ ಶುಲ್ಕ ಬಂದು ಬಿದ್ದಾಗ ನಮ್ಮ ಊರಿನ ಉದ್ಯಮಿಗಳು ಬೀದಿಗಿಳಿದರು, ನಾನೂ ಅವರಲ್ಲಿದ್ದೆ. 2024ರಲ್ಲಿ ಎಚ್‌ಟಿ ದರ 50 ಪೈಸೆ ಇಳಿದು 6 ರೂಪಾಯಿ 90 ಪೈಸೆಗೆ ಬಂತು, ಮರುವರ್ಷ ಇನ್ನೂ 30 ಪೈಸೆ ಇಳಿಯಿತು. ಆದರೂ ಆ ಜೂನ್ ತಿಂಗಳಿನಲ್ಲಿ ನಾನು ಕಳೆದುಕೊಂಡದ್ದು ಮರಳಿ ಬರಲಿಲ್ಲ, ಏಕೆಂದರೆ ಆ ಮಾಲಿನ ದರವನ್ನು ನಾನು ಆರು ತಿಂಗಳ ಮೊದಲೇ ಒಪ್ಪಿಕೊಂಡಿದ್ದೆ. ಬೀಡು ಕಬ್ಬಿಣ ಮತ್ತು ಸ್ಕ್ರ್ಯಾಪ್ ದರ ಏರಿದರೆ ನಮ್ಮ ಒಪ್ಪಂದದಲ್ಲಿ ಅದಕ್ಕೆ ತಕ್ಕಂತೆ ಕಿಲೋ ದರ ಸರಿಪಡಿಸುವ ಕಲಮು ಇರುತ್ತದೆ. ವಿದ್ಯುತ್ತಿಗೆ ಅಂಥ ಕಲಮು ಹಾಕಲು ಯಾವ ಗಿರಾಕಿಯೂ ಒಪ್ಪಿಲ್ಲ. ಕರೆಂಟು ಸರ್ಕಾರದ್ದು, ಅದರ ದರ ನಿಶ್ಚಿತವಾಗಿರುತ್ತದೆ ಎಂಬುದು ಅವರ ನಂಬಿಕೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳ ನಡುವೆ ಕೂಡಗಿಯ ಕಲ್ಲಿದ್ದಲು ಸ್ಥಾವರದ 2,400 ಮೆಗಾವಾಟ್ ಇದೆ, ಜಲವಿದ್ಯುತ್ತಿನಲ್ಲಿ ಆಲಮಟ್ಟಿಯ 290 ಇದೆ, ಹಿಡಕಲ್ಲಿನ 32 ಇದೆ, ಗುಡ್ಡಗಳ ಮೇಲೆ ಗಾಳಿಗಿರಣಿಗಳಿವೆ, ಎಲ್ಲೆಡೆ ಕಬ್ಬಿನ ಸಿಪ್ಪೆ ಉರಿಸಿ ವಿದ್ಯುತ್ ಮಾಡುವ ಸಕ್ಕರೆ ಕಾರ್ಖಾನೆಗಳ ಸಹವಿದ್ಯುತ್ ಘಟಕಗಳಿವೆ. ಇಷ್ಟೊಂದು ಉತ್ಪಾದನೆಯ ನಡುವೆ ಕುಳಿತ ಉದ್ಯಮಿ ಒಂದು ವರ್ಷದ ದರವನ್ನು ಧೈರ್ಯವಾಗಿ ಬರೆಯಲಾಗದಿದ್ದರೆ ದೋಷ ಉತ್ಪಾದನೆಯದೋ, ನೀತಿಯದೋ? ಬಲ್ಲವರು ಬರೆಯಬೇಕೆಂದು ಕೋರುತ್ತೇನೆ.

ನಿವೃತ್ತ ವಿದ್ಯುತ್ ಎಂಜಿನಿಯರ್, ನವನಗರ, ಬಾಗಲಕೋಟೆ

ನಿಮ್ಮ ಬಿಲ್ಲಿನ 36 ಪೈಸೆಯ ಒಂದು ಕಣ ನನ್ನಂಥವರ ಪಿಂಚಣಿಗೂ ಬರುತ್ತದೆ, ಆದ್ದರಿಂದ ಅದನ್ನು ಮೊದಲೇ ಹೇಳಿ ಮುಂದುವರಿಯುತ್ತೇನೆ.

ಉತ್ಪಾದನೆ ಹತ್ತಿರದಲ್ಲಿದ್ದರೆ ವಿದ್ಯುತ್ ಅಗ್ಗವಾಗಬೇಕು ಎಂಬ ಭಾವನೆ ಸಹಜ, ಆದರೆ ಜಾಲ ಹಾಗೆ ಕೆಲಸ ಮಾಡುವುದಿಲ್ಲ. ಕೂಡಗಿಯದು ಕೇಂದ್ರ ಸ್ವಾಮ್ಯದ ಸ್ಥಾವರ. ಅದರ 800 ಮೆಗಾವಾಟಿನ ಮೂರೂ ಘಟಕಗಳ ವಿದ್ಯುತ್ತು ದಕ್ಷಿಣದ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ನೀರು ಆಲಮಟ್ಟಿಯದು, ನೆಲ ನಮ್ಮದು. ಕಲ್ಲಿದ್ದಲು ಮಾತ್ರ ನೂರಾರು ಕಿಲೋಮೀಟರ್ ದೂರದ ಗಣಿಗಳಿಂದ ರೈಲಿನಲ್ಲಿ ಬರಬೇಕು, ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ. ಹೀಗಿರುವಾಗ ಗಣಿ, ರೈಲು ಮತ್ತು ತೆರಿಗೆ ಇವುಗಳಲ್ಲಿ ಆಗುವ ಪ್ರತಿಯೊಂದು ಬದಲಾವಣೆಯೂ ಕೆಲವು ತಿಂಗಳ ನಂತರ ನಿಮ್ಮ ಹೊಂದಾಣಿಕೆ ಶುಲ್ಕವಾಗಿ ಬರುತ್ತದೆ.

ತೆರಿಗೆಯದೇ ಒಂದು ಉದಾಹರಣೆ ಕೊಡುತ್ತೇನೆ. 2025ರ ಸೆಪ್ಟೆಂಬರ್ 22ಕ್ಕೆ ಮೊದಲು ಕಲ್ಲಿದ್ದಲಿಗೆ ಶೇಕಡಾ 5 ಜಿಎಸ್‌ಟಿ ಮತ್ತು ಟನ್ನಿಗೆ 400 ರೂಪಾಯಿಯ ಸೆಸ್ ಇತ್ತು. ಆ ದಿನದಿಂದ ಸೆಸ್ ಹೋಗಿ ಜಿಎಸ್‌ಟಿ ಶೇಕಡಾ 18 ಆಯಿತು. ಟನ್ನಿಗೆ 1,500 ರೂಪಾಯಿಯ ದೇಶೀ ಕಲ್ಲಿದ್ದಲು ಎಂದು ಹಿಡಿದರೆ ಮೊದಲು ತೆರಿಗೆ 475 ರೂಪಾಯಿ, ಈಗ 270. ಟನ್ನಿಗೆ 10,000 ರೂಪಾಯಿಯ ಆಮದು ಕಲ್ಲಿದ್ದಲಾದರೆ ಮೊದಲು 900, ಈಗ 1,800. ಅಂದರೆ ಒಂದೇ ಆದೇಶ ದೇಶದ ಗಣಿಯನ್ನು ಅವಲಂಬಿಸಿದ ಸ್ಥಾವರಕ್ಕೆ ಹಗುರ, ಹಡಗಿನ ಕಲ್ಲಿದ್ದಲನ್ನು ಅವಲಂಬಿಸಿದವರಿಗೆ ಭಾರ. 2024-25ರಲ್ಲಿ ದೇಶದ ಕಲ್ಲಿದ್ದಲು ಉತ್ಪಾದನೆ ನೂರು ಕೋಟಿ ಟನ್ ದಾಟಿದ ಮೇಲೆ ಈ ದಿಕ್ಕು ಸರಿಯೆಂದೇ ನನ್ನ ಅಭಿಪ್ರಾಯ.

ಇನ್ನು ಬೇಡಿಕೆ ಶುಲ್ಕದ ಮಾತು. ಸ್ಥಾವರಕ್ಕೂ ನಿಮ್ಮ ಹಾಗೆಯೇ ಎರಡು ಭಾಗದ ದರವಿದೆ. ಕೂಡಗಿಯಿಂದ ವಿದ್ಯುತ್ ಪಡೆಯಲಿ, ಪಡೆಯದಿರಲಿ, ಸ್ಥಾವರ ಸಿದ್ಧವಾಗಿದ್ದರೆ ಅದರ ಸ್ಥಿರ ವೆಚ್ಚವನ್ನು ವಿತರಣಾ ಕಂಪನಿ ಕೊಡಲೇಬೇಕು. ಆ ಸ್ಥಿರ ವೆಚ್ಚದ ಒಂದು ಭಾಗವೇ ನಿಮ್ಮ ಕೆವಿಎ ಲೆಕ್ಕದಲ್ಲಿ ಇಳಿದು ಬರುವುದು.

ಉದ್ಯಮಬಾಗದ ಎರಕದವರು, ಬೆಳಗಾವಿ

ಸರ್, ನೀವು ಬಿಡಿಸಿ ಹೇಳಿದ್ದರಿಂದ ಬಿಲ್ಲು ಮೊದಲಿಗಿಂತ ಅರ್ಥವಾಯಿತು. ಆದರೆ ಒಂದು ಮಾತು. ಸ್ಥಾವರಕ್ಕೆ ಇಪ್ಪತ್ತೈದು ವರ್ಷದ ಖರೀದಿ ಒಪ್ಪಂದವಿದೆ, ಅದರ ಸ್ಥಿರ ವೆಚ್ಚಕ್ಕೆ ಕಾಗದದ ಮೇಲೆ ರಕ್ಷಣೆಯಿದೆ. ನನ್ನ ಫರ್ನೇಸಿನ ಸಾಲ ಏಳು ವರ್ಷದ್ದು; ಅದಕ್ಕೆ ಯಾವ ರಕ್ಷಣೆಯೂ ಇಲ್ಲ.

ಡಿಸ್ಟಿಲರಿ ವಿಭಾಗದವರು, ಮುಧೋಳ ತಾಲ್ಲೂಕು

ಸಾಲದ ಮಾತು ಬಂದದ್ದರಿಂದ ನಮ್ಮ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ದೇಶದಲ್ಲೇ ಇಂಧನ ಉತ್ಪಾದಿಸಿರಿ ಎಂಬ ಕರೆಯನ್ನು ಸಕ್ಕರೆ ಉದ್ಯಮದಷ್ಟು ಗಂಭೀರವಾಗಿ ತೆಗೆದುಕೊಂಡವರು ಈ ಭಾಗದಲ್ಲಿ ಬೇರೆ ಯಾರೂ ಇಲ್ಲ.

2018ರ ಜೈವಿಕ ಇಂಧನ ನೀತಿ ಬಂತು. ಅದೇ ವರ್ಷ ಡಿಸ್ಟಿಲರಿ ಕಟ್ಟುವವರಿಗೆ ಬಡ್ಡಿಯಲ್ಲಿ ಶೇಕಡಾ 6 ಅಥವಾ ಅರ್ಧ, ಇವೆರಡರಲ್ಲಿ ಕಡಿಮೆಯಾದುದನ್ನು ಕೇಂದ್ರವೇ ಭರಿಸುವ ಯೋಜನೆ ಬಂತು. ಪೆಟ್ರೋಲಿಗೆ ಶೇಕಡಾ 20 ಎಥೆನಾಲ್ ಬೆರೆಸುವ ಗುರಿ ಮೊದಲು 2030ಕ್ಕಿತ್ತು, ಅದನ್ನು 2025ಕ್ಕೆ ಹಿಂದಕ್ಕೆ ತಂದರು. ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಂಡೆಗಳ ಕಾರ್ಖಾನೆಗಳು ಸಾಲ ಮಾಡಿ ಡಿಸ್ಟಿಲರಿ ಹೂಡಿದವು ಮತ್ತು ಇದ್ದವುಗಳನ್ನು ಹಿಗ್ಗಿಸಿದವು. ಒಂದು ಟನ್ ಕಬ್ಬಿನ ಹಾಲನ್ನು ನೇರವಾಗಿ ಎಥೆನಾಲ್ ಮಾಡಿದರೆ ಸುಮಾರು 70 ಲೀಟರ್ ಬರುತ್ತದೆ. ಸಕ್ಕರೆಯನ್ನೆಲ್ಲ ತೆಗೆದು ಕೊನೆಯಲ್ಲಿ ಉಳಿಯುವ ಕಾಕಂಬಿಯಿಂದ ಮಾಡಿದರೆ ಹತ್ತು ಹನ್ನೊಂದು ಲೀಟರ್ ಅಷ್ಟೇ. ನಮ್ಮ ಘಟಕವನ್ನು ವಿನ್ಯಾಸ ಮಾಡಿದ್ದು ಹಾಲಿಗೆ ಮತ್ತು ಬಿ ಹೆವಿ ಕಾಕಂಬಿಗೆ, ಅಂದರೆ ಸಕ್ಕರೆಯ ಅಂಶ ಇನ್ನೂ ಸಾಕಷ್ಟು ಉಳಿದಿರುವ ಕಾಕಂಬಿಗೆ.

2023ರಲ್ಲಿ ಮಳೆ ಕೈಕೊಟ್ಟಿತು. ಡಿಸೆಂಬರ್ 7ರಂದು, ಹಂಗಾಮು ಪೂರ್ಣ ಭರದಲ್ಲಿರುವಾಗ, ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವಂತಿಲ್ಲ ಎಂಬ ಆದೇಶ ಬಂತು. ಆ ದಿನ ನಾನು ಪಾಳಿಯಲ್ಲಿದ್ದೆ. ಫರ್ಮೆಂಟರುಗಳಲ್ಲಿ ಹಾಲು ಹುಳಿಯುತ್ತಿತ್ತು, ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಒಂದು ವಾರದ ಮೇಲೆ 17 ಲಕ್ಷ ಟನ್ ಸಕ್ಕರೆಯ ಮಿತಿಯೊಳಗೆ ಮಾಡಬಹುದು ಎಂದು ಸಡಿಲಿಸಿದರು. 2024ರ ಆಗಸ್ಟ್ ಕೊನೆಯಲ್ಲಿ ಮುಂದಿನ ವರ್ಷಕ್ಕೆ ಮತ್ತೆ ಅನುಮತಿ ಬಂತು. ದೇಶಕ್ಕೆ ಸಕ್ಕರೆ ಕೊರತೆಯಾಗಬಾರದೆಂಬ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಂಗಾಮಿಗೆ ಮೊದಲು, ಜುಲೈ ತಿಂಗಳಿನಲ್ಲಿ ಮಳೆಯ ಸ್ಥಿತಿ ನೋಡಿ ಈ ಆದೇಶ ಹೊರಡಿಸಿದ್ದರೆ ಯಂತ್ರವೂ ಉಳಿಯುತ್ತಿತ್ತು, ಮಾತೂ ಉಳಿಯುತ್ತಿತ್ತು.

ದರದ ವಿಷಯ ಇನ್ನೂ ಕಠಿಣ. ಕಬ್ಬಿನ ಎಫ್‌ಆರ್‌ಪಿ (ಕೇಂದ್ರ ನಿಗದಿ ಮಾಡುವ ಕನಿಷ್ಠ ಖರೀದಿ ದರ) 2022-23ರಲ್ಲಿ ಕ್ವಿಂಟಲ್ಲಿಗೆ 305 ರೂಪಾಯಿ ಇದ್ದುದು 2025-26ಕ್ಕೆ 355 ಆಯಿತು. ರೈತರಿಗೆ ಅದು ಸಿಗಲೇಬೇಕು. ಅದೇ ಅವಧಿಯಲ್ಲಿ ಕಬ್ಬಿನ ಹಾಲಿನ ಎಥೆನಾಲ್ ದರ ಲೀಟರಿಗೆ 65 ರೂಪಾಯಿ 61 ಪೈಸೆಯಲ್ಲೇ ನಿಂತಿತ್ತು. ಸಕ್ಕರೆಯ ಕನಿಷ್ಠ ಮಾರಾಟ ದರ 2019ರ ಫೆಬ್ರುವರಿಯಲ್ಲಿ ಕಿಲೋಗೆ 31 ರೂಪಾಯಿ ನಿಗದಿಯಾದ ಮೇಲೆ ಅದೂ ವರ್ಷಗಟ್ಟಲೆ ಕದಲಲಿಲ್ಲ. 2025-26ರ ಹಂಚಿಕೆಯಲ್ಲಿ ತೈಲ ಕಂಪನಿಗಳು ಧಾನ್ಯದ ಎಥೆನಾಲ್‌ಗೆ, ಮುಖ್ಯವಾಗಿ ಮೆಕ್ಕೆಜೋಳಕ್ಕೆ, ದೊಡ್ಡ ಪಾಲು ಕೊಟ್ಟವು. ಕಬ್ಬಿನ ಮೂಲಕ್ಕೆ ಉಳಿದದ್ದು ಶೇಕಡಾ 28ರಷ್ಟು. ರಾಜ್ಯದ ಸಾಮರ್ಥ್ಯ 270 ಕೋಟಿ ಲೀಟರ್ ಇದ್ದು ಹಂಚಿಕೆ 47 ಕೋಟಿ ಲೀಟರ್ ಮಾತ್ರ ಎಂದು ಮುಖ್ಯಮಂತ್ರಿಗಳೇ 2025ರ ನವೆಂಬರಿನಲ್ಲಿ ಪ್ರಧಾನಿಯವರ ಗಮನಕ್ಕೆ ತಂದಿದ್ದಾರೆ. ಆರು ವರ್ಷ ಕಟ್ಟಿದ ಸಾಮರ್ಥ್ಯ ಹೀಗೆ ಖಾಲಿ ನಿಂತರೆ ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ಕಬ್ಬು ಬೆಳೆಗಾರ, ಮೂಡಲಗಿ ತಾಲ್ಲೂಕು

ಸಾಹೇಬರೇ, ನಿಮ್ಮ ಲೆಕ್ಕ ಪೂರ್ತಿ ಓದಿದೆ. ಅದೇ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ನಾವು ಕಬ್ಬಿನ ದರಕ್ಕಾಗಿ ದಿನಗಟ್ಟಲೆ ಧರಣಿ ಕುಳಿತಿದ್ದೆವು. ಟನ್ನಿಗೆ 3,500 ಕೇಳಿದೆವು, ಶೇಕಡಾ 11.25 ಸಕ್ಕರೆ ಇಳುವರಿಗೆ 3,300 ಎಂದು ತೀರ್ಮಾನವಾಯಿತು. ಎಥೆನಾಲ್ ಹಂಚಿಕೆ ಕಡಿಮೆಯಾಯಿತೆಂದು ಕಾರ್ಖಾನೆಯವರು ಹೇಳುವುದು ನಿಜವಿರಬಹುದು, ಆದರೆ ಎಥೆನಾಲ್ ಭರಪೂರ ಮಾರಾಟವಾದ ವರ್ಷಗಳಲ್ಲಿ ಅದರ ಪಾಲು ನಮ್ಮ ಬಿಲ್ಲಿನಲ್ಲಿ ಕಾಣಲಿಲ್ಲ. ಎಫ್‌ಆರ್‌ಪಿ ಲೆಕ್ಕವಾಗುವುದು ಸಕ್ಕರೆ ಇಳುವರಿಯ ಮೇಲೆ. ರಾಜ್ಯದ 2013ರ ಕಾಯ್ದೆಯ ಆದಾಯ ಹಂಚಿಕೆಯಲ್ಲಿ ಕಾಕಂಬಿ, ಕಬ್ಬಿನ ಸಿಪ್ಪೆ, ಮಡ್ಡಿಯ ಹೆಸರುಗಳಿವೆ. ಆ ಕಾಕಂಬಿಯಿಂದ ಇಂಧನವಾಗಿ, ಆ ಸಿಪ್ಪೆಯಿಂದ ಕರೆಂಟಾಗಿ ಬರುವ ಹಣವನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂಬುದು ನಮ್ಮ ಬೇಡಿಕೆ. ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕೆಂದು 1966ರ ನಿಯಂತ್ರಣ ಆದೇಶ ಹೇಳುತ್ತದೆ, ನನ್ನ ಹಣ ಎಷ್ಟೋ ಸಲ ತಿಂಗಳುಗಳ ಮೇಲೆ ಬಂದಿದೆ. ಈ ಚರ್ಚೆಯಲ್ಲಿ ಉದ್ಯಮಿ ಎಂದರೆ ಕಾರ್ಖಾನೆಯವರು ಮಾತ್ರ ಎಂದು ಹಿಡಿಯಬೇಡಿರಿ. ನಾಲ್ಕು ಎಕರೆಯಲ್ಲಿ ಇಂಧನದ ಕಚ್ಚಾ ಮಾಲು ಬೆಳೆಯುವ ನಾನೂ ಉದ್ಯಮಿಯೇ.

ಡಿಸ್ಟಿಲರಿ ವಿಭಾಗದವರು, ಮುಧೋಳ ತಾಲ್ಲೂಕು

ನಿಮ್ಮ ಮಾತನ್ನು ಒಪ್ಪುತ್ತೇನೆ ಅಣ್ಣಾ. ಲಾಭದ ವರ್ಷದಲ್ಲಿ ಹಂಚಿಕೊಳ್ಳದವರು ನಷ್ಟದ ವರ್ಷದಲ್ಲಿ ತಾಳ್ಮೆ ಕೇಳಿದರೆ ಯಾರೂ ಕೇಳುವುದಿಲ್ಲ. ನಾನು ಸಂಬಳದ ನೌಕರ, ಆ ನಿರ್ಧಾರ ನನ್ನ ಕೈಯಲ್ಲಿಲ್ಲ. ಆದರೆ ಎಥೆನಾಲ್ ದರವನ್ನು ಎಫ್‌ಆರ್‌ಪಿ ಜೊತೆಗೇ ಒಂದೇ ದಿನ, ಒಂದೇ ಸೂತ್ರದಲ್ಲಿ ಪ್ರಕಟಿಸಿದರೆ ನಿಮ್ಮ ಪಾಲನ್ನು ಕೇಳಲು ನಿಮಗೂ ಲೆಕ್ಕ ಸಿಗುತ್ತದೆ, ಇಲ್ಲ ಎನ್ನಲು ಕಾರ್ಖಾನೆಗೂ ನೆಪ ಉಳಿಯುವುದಿಲ್ಲ.

ಒಣದ್ರಾಕ್ಷಿ ಶೀತಲಗೃಹ, ವಿಜಯಪುರ

ನಮ್ಮಲ್ಲಿ ತಿಕೋಟಾ, ಬಬಲೇಶ್ವರ ಭಾಗದ ರೈತರ ಒಣದ್ರಾಕ್ಷಿ ಏಪ್ರಿಲ್ ಹೊತ್ತಿಗೆ ಬಂದು ಸೇರುತ್ತದೆ, ದೀಪಾವಳಿಯ ಆಚೆಗೂ ಇರುತ್ತದೆ. ಕಂಪ್ರೆಸರುಗಳು ಹೆಚ್ಚು ದುಡಿಯುವುದು ಮೇ ತಿಂಗಳ ನಡುಹಗಲಿನಲ್ಲಿ. ವಿಜಯಪುರದ ಬಿಸಿಲು ಅತಿ ಹೆಚ್ಚು ವಿದ್ಯುತ್ ಕೊಡುವುದೂ ಅದೇ ಹೊತ್ತಿನಲ್ಲಿ. ಸೌರ ವಿದ್ಯುತ್ತಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಸಿಗಲಾರ.

2022ರ ಜೂನ್ ತಿಂಗಳಿನಲ್ಲಿ ಕೇಂದ್ರ ಸರ್ಕಾರ ಹಸಿರು ವಿದ್ಯುತ್ತಿನ ಮುಕ್ತ ಪ್ರವೇಶಕ್ಕೆ, ಅಂದರೆ ಜಾಲದ ಮೂಲಕ ಉತ್ಪಾದಕರಿಂದಲೇ ನೇರವಾಗಿ ಕೊಳ್ಳುವುದಕ್ಕೆ, ಇದ್ದ ಒಂದು ಮೆಗಾವಾಟ್ ಮಿತಿಯನ್ನು 100 ಕಿಲೋವಾಟಿಗೆ ಇಳಿಸಿದಾಗ ನಮ್ಮಂಥ ಮಧ್ಯಮ ಗಾತ್ರದವರಿಗೆ ಮೊದಲ ಸಲ ಬಾಗಿಲು ತೆರೆಯಿತು. ನಾವು ನಾಲ್ವರು ಸೇರಿ ಸೌರ ಘಟಕವೊಂದರ ಜೊತೆ ಮಾತುಕತೆ ಮುಗಿಸುವ ಹೊತ್ತಿಗೆ, 2024ರ ಡಿಸೆಂಬರಿನಲ್ಲಿ, ರಾಜ್ಯದ ಹೈಕೋರ್ಟು ಆ ಕೇಂದ್ರ ನಿಯಮಗಳನ್ನೂ ಅವುಗಳ ಆಧಾರದಲ್ಲಿ ಆಯೋಗ ಮಾಡಿದ್ದ ನಿಯಮಾವಳಿಯನ್ನೂ ರದ್ದು ಮಾಡಿತು. ಮುಕ್ತ ಪ್ರವೇಶದ ನಿಯಮ ಮಾಡುವ ಅಧಿಕಾರ ಯಾರದು ಎಂಬ ಪ್ರಶ್ನೆ ಅದು. ನ್ಯಾಯಾಲಯದ ತೀರ್ಪಿನ ಬಗ್ಗೆ ನನಗೆ ತಕರಾರಿಲ್ಲ. ಅಧಿಕಾರ ಯಾರದೆಂದು ನಿಯಮ ಬರೆಯುವ ಮೊದಲೇ ಇತ್ಯರ್ಥ ಮಾಡಿಕೊಳ್ಳದವರ ಬಗ್ಗೆ ಇದೆ. ನಮ್ಮ ಮಾತುಕತೆ ಅಲ್ಲಿಗೇ ನಿಂತಿತು.

ಈಗ ಕರೆಂಟು ಹೋದಾಗ ಜನರೇಟರ್ ಒಂದೇ ದಾರಿ. ಒಂದು ಲೀಟರ್ ಡೀಸೆಲ್ ಸುಟ್ಟರೆ ಮೂರು, ಮೂರೂವರೆ ಯೂನಿಟ್ ಬರುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೂ ಯೂನಿಟ್ಟಿಗೆ 25 ರೂಪಾಯಿಗೆ ಕಡಿಮೆಯಿಲ್ಲ. ಎರಕದವರು ದರದ ಖಾತ್ರಿ ಕೇಳುತ್ತಿದ್ದಾರೆ, ನನಗೆ ಮೊದಲು ಬೇಕಾದದ್ದು ಪೂರೈಕೆಯ ಖಾತ್ರಿ.

ಕ್ಯುಪೋಲಾ ಫೌಂಡ್ರಿ, ಮಚ್ಛೆ

ವಿದ್ಯುತ್ತು ಬೇಡವೆಂದು ಕೋಕ್ ಮೇಲೆಯೇ ಉಳಿದ ನಮಗೂ ನೆಮ್ಮದಿಯಿಲ್ಲ. 2025ರ ಜನವರಿಯಿಂದ ಕಡಿಮೆ ಬೂದಿಯ ಮೆಟ್ ಕೋಕ್ (ಲೋಹ ಕರಗಿಸಲು ಬಳಸುವ ಕೋಕ್) ಆಮದಿಗೆ ಆರು ತಿಂಗಳಿಗೆ 14 ಲಕ್ಷ ಟನ್ನಿನ ಮಿತಿ ಹಾಕಿದರು, ನಂತರ ಅದನ್ನು ಮುಂದುವರಿಸಿದರು. ದೇಶೀ ಕೋಕ್ ತಯಾರಕರನ್ನು ಕಾಪಾಡುವುದು ಅದರ ಉದ್ದೇಶ. ಆದರೆ ಕೋಕಿನಲ್ಲಿ ಬೂದಿ ಹೆಚ್ಚಾದರೆ ಕ್ಯುಪೋಲಾದಲ್ಲಿ ಲೋಹದ ಬಿಸಿ ಇಳಿಯುತ್ತದೆ, ಕಿಟ್ಟ ಹೆಚ್ಚುತ್ತದೆ, ತಿರಸ್ಕೃತ ಮಾಲು ಹೆಚ್ಚುತ್ತದೆ. ದೇಶದೊಳಗೆ ಉತ್ಪಾದಿಸುವವರಲ್ಲಿ ಕೋಕ್ ಬಳಸುವ ನಾವೂ ಇದ್ದೇವೆ ಎಂಬುದನ್ನು ಗಮನಿಸಬೇಕು.

ಹಾರುಬೂದಿ ಇಟ್ಟಿಗೆ ಘಟಕ, ಕೊಲ್ಹಾರ ತಾಲ್ಲೂಕು

ಕೂಡಗಿಯ ಹೆಸರು ಮೇಲೆ ಹಲವು ಸಲ ಬಂದಿದೆ, ಆದ್ದರಿಂದ ಅದರ ಸುತ್ತಲಿನವರ ಪರವಾಗಿ ಬರೆಯುತ್ತೇನೆ. ಸ್ಥಾವರ ಬರುವಾಗ ನೆಲ ಹೋಯಿತು. 2014ರ ಜುಲೈ ತಿಂಗಳ ಪ್ರತಿಭಟನೆಯಲ್ಲಿ ಪೊಲೀಸರು ಗುಂಡು ಹಾರಿಸಿದ್ದನ್ನು ಇಲ್ಲಿನವರು ಮರೆತಿಲ್ಲ. ಆಮೇಲೆ ನಮ್ಮಲ್ಲಿ ಕೆಲವರು ಬದುಕಿಗಾಗಿ ಬೂದಿಯನ್ನೇ ಹಿಡಿದೆವು. ಸ್ಥಾವರಗಳ ಬೂದಿ ಪೂರ್ತಿ ಬಳಕೆಯಾಗಲೇಬೇಕೆಂಬ 2021ರ ಡಿಸೆಂಬರಿನ ಅಧಿಸೂಚನೆ ನಮ್ಮಂಥವರಿಗೆ ಧೈರ್ಯ ಕೊಟ್ಟಿತು.

ಆದರೆ ಮಳೆಗಾಲದಲ್ಲಿ ಗಾಳಿ ವಿದ್ಯುತ್ ಹೆಚ್ಚಾದಾಗ, ಹಗಲಿನಲ್ಲಿ ಸೌರ ವಿದ್ಯುತ್ ತುಂಬಿ ಬಂದಾಗ, ಸ್ಥಾವರದ ಉತ್ಪಾದನೆ ಇಳಿಸುತ್ತಾರೆ. ಕಲ್ಲಿದ್ದಲು ಕಡಿಮೆ ಉರಿದರೆ ಬೂದಿಯೂ ಕಡಿಮೆ. ದೇಶಕ್ಕೆ ಅದು ಒಳ್ಳೆಯದೇ, ನಮ್ಮ ಮಕ್ಕಳ ಉಸಿರಿಗೂ ಒಳ್ಳೆಯದೇ. ಮುಂದಿನ ಹತ್ತು ವರ್ಷ ಈ ಸ್ಥಾವರ ವರ್ಷಕ್ಕೆ ಎಷ್ಟು ಓಡಬಹುದು ಎಂಬ ಅಂದಾಜನ್ನು ಯಾರಾದರೂ ಮುಂಚಿತವಾಗಿ ಹೇಳಿದರೆ ಸಾಕು, ಎರಡನೆಯ ಯಂತ್ರಕ್ಕೆ ಸಾಲ ಮಾಡಬೇಕೋ ಬೇಡವೋ ಎಂಬುದನ್ನು ನಾನೇ ತೀರ್ಮಾನಿಸಿಕೊಳ್ಳುತ್ತೇನೆ.

ಮಗ್ಗದ ಮನೆ, ಬನಹಟ್ಟಿ

ದೊಡ್ಡ ಉದ್ಯಮಿಗಳ ಸಭೆಗಳಲ್ಲಿ ನಮ್ಮ ಉಚಿತ ವಿದ್ಯುತ್ತಿನ ಮೇಲೆ ಕಣ್ಣು ಬೀಳುವುದನ್ನು ನೋಡಿದ್ದೇನೆ, ಅದಕ್ಕಾಗಿ ಈ ಮಾತು. ಹತ್ತು ಎಚ್‌ಪಿವರೆಗಿನ ಮಗ್ಗಗಳಿಗೆ ಸರ್ಕಾರ ಕೊಟ್ಟಿರುವ ಸೌಲಭ್ಯ ಇಲ್ಲದಿದ್ದರೆ ರಬಕವಿ, ಬನಹಟ್ಟಿಯ ಎಷ್ಟೋ ಮನೆಗಳಲ್ಲಿ ಸದ್ದು ನಿಂತುಹೋಗುತ್ತಿತ್ತು. ಸೀರೆಯ ದರವನ್ನು ನಾವು ಹೇಳುವುದಿಲ್ಲ, ನೂಲಿನ ದರವನ್ನೂ ನಾವು ಹೇಳುವುದಿಲ್ಲ. ಈ ಎರಡರ ನಡುವೆ ಉಳಿಯುವ ಚೂರೇ ಮಜೂರಿ.

ನಿವೃತ್ತ ವಿದ್ಯುತ್ ಎಂಜಿನಿಯರ್, ನವನಗರ, ಬಾಗಲಕೋಟೆ

ಮಗ್ಗದವರು ಅಳುಕಬೇಕಾಗಿಲ್ಲ. ಮಗ್ಗಕ್ಕೆ, ಪಂಪ್‌ಸೆಟ್ಟಿಗೆ, 2023ರಿಂದ ಗೃಹಜ್ಯೋತಿಗೆ ಕೊಡುವ ಸಹಾಯಧನ ಸರ್ಕಾರದ ಬೊಕ್ಕಸದಿಂದ ಬರಬೇಕಾದ ಹಣ. ಅದನ್ನು ವಿತರಣಾ ಕಂಪನಿಗೆ ಮುಂಗಡವಾಗಿ ಕೊಡಬೇಕೆಂದು 2003ರ ವಿದ್ಯುತ್ ಕಾಯ್ದೆಯ 65ನೇ ಕಲಮು ಹೇಳುತ್ತದೆ. ಆ ಹಣ ತಡವಾದಾಗ ವಿತರಣಾ ಕಂಪನಿ ಸಾಲ ಮಾಡುತ್ತದೆ, ಸಾಲದ ಬಡ್ಡಿ ಎಲ್ಲರ ಬಿಲ್ಲಿಗೂ ತಟ್ಟುತ್ತದೆ. ಆದ್ದರಿಂದ ಉದ್ಯಮಿಗಳು ಕೇಳಬೇಕಾದದ್ದು ಸಹಾಯಧನ ಸಕಾಲಕ್ಕೆ ಪಾವತಿಯಾಯಿತೇ ಎಂಬ ಪ್ರಶ್ನೆ.

ಇನ್ನೊಂದು ಸಂಗತಿ ಬಹಳ ದಿನದಿಂದ ನನ್ನ ಮನಸ್ಸಿನಲ್ಲಿದೆ. ನಮ್ಮ ಮೂರು ಜಿಲ್ಲೆಗಳ ಶಕ್ತಿಮೂಲಗಳಿಗೆ ಒಂದು ಪಂಚಾಂಗವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸವದತ್ತಿ, ಬಸವನ ಬಾಗೇವಾಡಿಯ ಗುಡ್ಡಗಳಲ್ಲಿ ಗಾಳಿ; ಅದೇ ಹೊತ್ತಿಗೆ ಆಲಮಟ್ಟಿ ತುಂಬಿ ನೀರು ಬಿಟ್ಟಾಗ ಜಲವಿದ್ಯುತ್. ನವೆಂಬರಿನಿಂದ ಮಾರ್ಚ್‌ವರೆಗೆ ಕಬ್ಬು ನುರಿಸುವ ಹಂಗಾಮು. ಒಂದು ಟನ್ ಕಬ್ಬಿನಲ್ಲಿ 280 ಕಿಲೋದಷ್ಟು ಸಿಪ್ಪೆ ಉಳಿದು ಅದರಿಂದ ಕಾರ್ಖಾನೆಯೂ ನಡೆದು ಮಿಕ್ಕದ್ದು ಜಾಲಕ್ಕೆ ಬರುತ್ತದೆ. ಬೇಸಿಗೆಗೆ ಬಿಸಿಲು. ಸಂಜೆಯ ಕೊರತೆಗೆ ಸವದತ್ತಿಯ ಪಂಪ್ಡ್ ಸ್ಟೋರೇಜ್ ಯೋಜನೆಯಿದೆ, ವಿದ್ಯುತ್ ಹೆಚ್ಚಿದ್ದಾಗ ನೀರನ್ನು ಮೇಲಕ್ಕೆತ್ತಿ ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವಂಥದ್ದು. 2024-25ರಲ್ಲಿ ದೇಶದಲ್ಲೇ ಅತಿ ಹೆಚ್ಚು, 1,331 ಮೆಗಾವಾಟ್, ಗಾಳಿ ವಿದ್ಯುತ್ ಸೇರಿಸಿದ್ದು ನಮ್ಮ ರಾಜ್ಯ. ಇಷ್ಟೊಂದು ಮೂಲಗಳಿದ್ದೂ, ಅದಕ್ಕೆ ಮೊದಲು 2023ರ ಅಕ್ಟೋಬರಿನಲ್ಲಿ ಮಳೆಯಿಲ್ಲದೆ ಕೊರತೆ ಬಿದ್ದಾಗ, ಸರ್ಕಾರ ಅದೇ ವಿದ್ಯುತ್ ಕಾಯ್ದೆಯ 11ನೇ ಕಲಮು ಬಳಸಿ ಖಾಸಗಿ ಉತ್ಪಾದಕರೆಲ್ಲ ರಾಜ್ಯದ ಜಾಲಕ್ಕೇ ವಿದ್ಯುತ್ ಕೊಡಬೇಕೆಂದು ಆಜ್ಞೆ ಮಾಡಬೇಕಾಯಿತು. ಸಿಪ್ಪೆಯ ವಿದ್ಯುತ್ತಿಗೆ ಕೊರತೆಯ ತಿಂಗಳಿನಲ್ಲಿ ಆಜ್ಞೆ, ಹೇರಳವಾದ ತಿಂಗಳಿನಲ್ಲಿ ಅನಾದರ ಎಂದಾದರೆ ಕಾರ್ಖಾನೆಯವರು ಹೆಚ್ಚು ಒತ್ತಡದ ಬಾಯ್ಲರಿಗೆ ಹಣ ಹಾಕುವುದು ಹೇಗೆ? ತಿಂಗಳುವಾರು ದರವನ್ನು ಐದು ವರ್ಷಕ್ಕೆ ಮುಂಚಿತವಾಗಿ ಘೋಷಿಸಿದರೆ ಈ ಪಂಚಾಂಗಕ್ಕೆ ಬೆಲೆ ಬರುತ್ತದೆ.

ಇದು ಹೊಸ ಕನಸೇನಲ್ಲ. ಗೋಕಾಕದ ಜಲಪಾತದ ಬಳಿ ಹತ್ತಿಯ ಗಿರಣಿ ಘಟಪ್ರಭೆಯ ನೀರಿನ ಬಲದಿಂದ ನಡೆಯತೊಡಗಿದ್ದು 1887ರಲ್ಲಿ. ಹುಕ್ಕೇರಿಯ ಜನ 1969ರಲ್ಲಿ ಸಹಕಾರ ಸಂಘ ಕಟ್ಟಿ ತಾವೇ ವಿದ್ಯುತ್ ವಿತರಣೆಗೆ ಇಳಿದರು. ಈ ನೆಲದವರು ಶಕ್ತಿಯ ವಿಷಯದಲ್ಲಿ ಕೈಚಾಚಿ ಕುಳಿತವರಲ್ಲ.

ಉದ್ಯಮಬಾಗದ ಎರಕದವರು, ಬೆಳಗಾವಿ

ಎಲ್ಲರ ಬರಹಗಳನ್ನೂ ಎರಡೆರಡು ಸಲ ಓದಿದೆ. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಮುಂದಿನ ಸಲ ಸಾರ್ವಜನಿಕ ವಿಚಾರಣೆ ನಡೆಸುವಾಗ ಸಲ್ಲಿಸಲು ಒಂದು ಅಹವಾಲಿನ ಕರಡು ಮಾಡಿಕೊಂಡಿದ್ದೆ. ಅದರ ಮೊದಲ ಸಾಲಿನಲ್ಲಿ ದರ ಇಳಿಸಬೇಕೆಂದು ಬರೆದಿದ್ದೆ. ನಿನ್ನೆ ರಾತ್ರಿ ಆ ಸಾಲನ್ನು ಹೊಡೆದು ಹಾಕಿದೆ. ಈಗ ಅಲ್ಲಿ ಮೂರು ಕೋರಿಕೆಗಳಿವೆ: ಹೊಂದಾಣಿಕೆ ಶುಲ್ಕಕ್ಕೆ ತ್ರೈಮಾಸಿಕ ಮಿತಿಯೊಂದನ್ನು ವರ್ಷದ ಮೊದಲೇ ಪ್ರಕಟಿಸಬೇಕು, ಸರ್ಕಾರದ ಸಹಾಯಧನ ಎಷ್ಟು ಬಂತು ಎಷ್ಟು ಬಾಕಿ ಎಂಬುದನ್ನು ತಿಂಗಳಿಗೊಮ್ಮೆ ತಿಳಿಸಬೇಕು, ಸಹವಿದ್ಯುತ್ತಿಗೆ ತಿಂಗಳುವಾರು ದರ ನಿಗದಿಯಾಗಬೇಕು. ಎಥೆನಾಲ್ ಮತ್ತು ಕೋಕ್ ಕೇಂದ್ರದ ವಿಷಯಗಳಾದ್ದರಿಂದ ಅವುಗಳಿಗೆ ಬೇರೆ ಪತ್ರ ಬೇಕಾಗುತ್ತದೆ. ಅದನ್ನು ಮುಧೋಳದವರು, ಮೂಡಲಗಿಯ ರೈತರು ಒಟ್ಟಿಗೆ ಕುಳಿತು ಬರೆದರೆ ಅದರ ತೂಕವೇ ಬೇರೆ.

ಶೀತಲಗೃಹದವರಲ್ಲಿ ಒಂದು ವಿನಂತಿ. ಕಳೆದ ಎರಡು ಬೇಸಿಗೆಗಳ ನಿಮ್ಮ ಡೀಸೆಲ್ ಲೆಕ್ಕವನ್ನು ಕರೆಂಟು ಹೋದ ಗಂಟೆಗಳ ಸಮೇತ ಕಳುಹಿಸಿದರೆ ಅಹವಾಲಿಗೆ ಲಗತ್ತಿಸುತ್ತೇನೆ. ನನ್ನ ಮೂವತ್ತಾರು ತಿಂಗಳ ಬಿಲ್ಲುಗಳ ನಕಲು ಸಿದ್ಧವಿದೆ. ಗಿರಾಕಿಗೆ ದರವನ್ನೂ ಬರೆದು ಕಳುಹಿಸಿದ್ದೇನೆ, ಆದರೆ ಆರು ತಿಂಗಳಿಗೆ ಮಾತ್ರ, ಮತ್ತು ಮೊದಲ ಸಲ ಅದರಲ್ಲಿ ವಿದ್ಯುತ್ತಿನ ಕಲಮೊಂದನ್ನು ಸೇರಿಸಿದ್ದೇನೆ. ಅವರ ಉತ್ತರ ಇನ್ನೂ ಬಂದಿಲ್ಲ.